ಒಂದೇ ಡಿಸ್ಕಿನಲ್ಲಿ ಹಳೇ ಚೀಟಿ, ಹೊಸ ಚೀಟಿ

ನಿನ್ನೆ ಮಧ್ಯಾಹ್ನ ನಮ್ಮ ವೇಬ್ರಿಡ್ಜಿನಲ್ಲಿ ಕನ್ನಡದ ಚೀಟಿ ಹೊರಬಂತು. ತುಂಬಿದ ತೂಕ, ಖಾಲಿ ತೂಕ, ಮಾಲಿನ ತೂಕ, ಎಲ್ಲವೂ ಕನ್ನಡದಲ್ಲಿ. ಮಾಡಿದವಳು ನನ್ನ ಮೊಮ್ಮಗಳು ಸಹನಾ. ಕಣಕಟ್ಟೆಯಿಂದ ತೆಂಗಿನಕಾಯಿ ತಂದಿದ್ದ ರೈತರೊಬ್ಬರು ಆ ಚೀಟಿಯನ್ನು ಯಾರ ಕೈಗೂ ಕೊಡದೆ ತಾವೇ ಗಟ್ಟಿಯಾಗಿ ಓದಿಕೊಂಡು, ಮಡಿಚಿ ಜೇಬಿಗೆ ಹಾಕಿಕೊಂಡು ಹೋದರು. ಈ ಸಂತೋಷ ನನ್ನ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅರಸೀಕೆರೆಯಿಂದ ಬಾಣಾವರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ವೇಬ್ರಿಡ್ಜ್ ಇದೆ. ವೇಬ್ರಿಡ್ಜ್ ಎಂದರೆ ಲಾರಿಯನ್ನೇ ಹತ್ತಿಸಿ ತೂಗುವ ತಕ್ಕಡಿ. ಹೊರಗೆ ನಿಂತು ಲಾರಿ ಹತ್ತಿಸಿ ಇಳಿಸುವವರು ನಮ್ಮ ಯಜಮಾನರು. ಒಳಗೆ ಕ್ಯಾಬಿನ್ನಿನಲ್ಲಿ ಕೂತು ತೂಕ ಹಿಡಿಯುವವಳು ನಾನು. ಓದಿದ್ದು ನಾಲ್ಕನೇ ಕ್ಲಾಸಿನವರೆಗಾದರೂ ಇಪ್ಪತ್ತು ವರ್ಷದಿಂದ ತೆಂಗಿನಕಾಯಿ, ಕೊಬ್ಬರಿ, ರಾಗಿ, ಬಿಕ್ಕೋಡಿನ ಕಡೆಯ ಕಾಫಿ ಮೂಟೆ, ಎಲ್ಲ ತೂಗಿದ್ದೇನೆ. ಲಾರಿ ಹತ್ತಿದ ಕೂಡಲೇ ಇಂಡಿಕೇಟರ್ ಎನ್ನುವ ಡಬ್ಬಿಯಲ್ಲಿ ಕೆಂಪು ಅಂಕಿ ಕುಣಿಯಲು ಶುರುವಾಗುತ್ತದೆ. ಡ್ರೈವರ್ ಎಷ್ಟೇ ಹಾರ್ನ್ ಹೊಡೆಯಲಿ, ಆ ಅಂಕಿ ನಿಲ್ಲುವವರೆಗೆ ನಾನು ಕೀಲಿ ಒತ್ತುವುದಿಲ್ಲ. ಅಂಕಿ ನಿಂತ ಮೇಲೆ ಕಂಪ್ಯೂಟರ್ ಅದನ್ನು ಓದಿಕೊಂಡು ಚೀಟಿ ಹೊಡೆಯುತ್ತದೆ.

ಆ ಚೀಟಿ ಇಷ್ಟು ವರ್ಷವೂ ಇಂಗ್ಲಿಷಿನಲ್ಲೇ ಇತ್ತು. ಎಷ್ಟನೇ ಸಾಲಿನಲ್ಲಿ ಯಾವ ತೂಕ ಬರುತ್ತದೆ ಎಂದು ನಾನು ಗುರುತು ಇಟ್ಟುಕೊಂಡಿದ್ದೆ. ರೈತರು ಕಿಟಕಿಯಲ್ಲಿ ಬಗ್ಗಿ, "ಇದ್ರಾಗೆ ಏನ್ ಬರ್ದೈತೆ ನೋಡವ್ವ" ಎಂದರೆ ಬೆರಳಿಟ್ಟು ಹೇಳುತ್ತಿದ್ದೆ. ಡಿಪ್ಲೊಮಾ ಕಡೇ ವರ್ಷ ಓದುತ್ತಿರುವ ಸಹನಾ ಒಂದು ದಿನ ಪಕ್ಕದಲ್ಲಿ ಕೂತು ಇದನ್ನೇ ನೋಡುತ್ತಿದ್ದಳು. "ಕೊಡೋ ನಿಂಗೂ ಓದಕ್ಕೆ ಬರಲ್ಲ, ತಗೊಳೋ ಅವ್ರಿಗೂ ಬರಲ್ಲ. ಯಾರಿಗೆ ಅಜ್ಜಿ ಈ ಚೀಟಿ?" ಎಂದು ಕೇಳಿದಳು. ಕನ್ನಡದಲ್ಲಿ ಚೀಟಿ ಕೊಡುವ ಪ್ರೋಗ್ರಾಂ ಬರೆಯುವುದೇ ಅವಳ ಕಾಲೇಜಿನ ಪ್ರಾಜೆಕ್ಟ್ ಆಯಿತು.

ತೊಡಕು ಇದ್ದದ್ದು ನಮ್ಮ ಕಂಪ್ಯೂಟರಿನಲ್ಲಿ. ಅವಳ ಪ್ರೋಗ್ರಾಂಗೆ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಬೇಕು. ನಮ್ಮದರಲ್ಲಿ ಇದ್ದದ್ದು ಹಳೇ ವಿಂಡೋಸ್, ಅದರೊಳಗೆ ಹಳೇ ತೂಕದ ಪ್ರೋಗ್ರಾಂ. ಅದನ್ನು ಹಾಕಿಕೊಟ್ಟವರು ಅಂಗಡಿ ಮುಚ್ಚಿ ಎಲ್ಲಿಗೆ ಹೋದರೋ ಗೊತ್ತಿಲ್ಲ, ಸಿಡಿಯೂ ಉಳಿದಿಲ್ಲ. ವಿಂಡೋಸ್ ಹೋದರೆ ಪ್ರೋಗ್ರಾಂ ಹೋಯಿತು, ಪ್ರೋಗ್ರಾಂ ಹೋದರೆ ಚೀಟಿ ಇಲ್ಲ, ಚೀಟಿ ಇಲ್ಲದ ತೂಕವನ್ನು ಮಂಡಿಯವರು ಒಪ್ಪುವುದಿಲ್ಲ. ನಮ್ಮ ಮನೆ ನಡೆಯುವುದೇ ಆ ಚೀಟಿಯ ಮೇಲೆ.

ಹಳೆಯದನ್ನು ಮುಟ್ಟದೆ, ಅದೇ ಹಾರ್ಡ್ ಡಿಸ್ಕಿನಲ್ಲಿ ಹೊಸದಕ್ಕೆ ಜಾಗ ಮಾಡಬಹುದು ಎಂದಳು ಸಹನಾ. ಇದಕ್ಕೆ ಪಾರ್ಟಿಶನ್ ಮಾಡುವುದು ಎನ್ನುತ್ತಾರೆ. ಐನೂರು ಜಿಬಿ ಡಿಸ್ಕಿನಲ್ಲಿ ವಿಂಡೋಸು, ಅದರ ಸಾಮಾನು ಎಲ್ಲ ಸೇರಿ ಕಾಲು ಭಾಗವೂ ತುಂಬಿರಲಿಲ್ಲ. ಯಜಮಾನರು ಬಹಳ ಹೊತ್ತು ಯೋಚಿಸಿ ಒಪ್ಪಿದರು, ಜೊತೆಗೆ ಒಂದು ಕರಾರನ್ನೂ ಹಾಕಿದರು. "ಚೀಟಿ ಇಲ್ದೆ ಒಂದು ಲಾರಿ ವಾಪಸ್ ಹೋದ್ರೂ, ಇನ್ಮೇಲೆ ನೀನು ಇದನ್ನ ಮುಟ್ಟಂಗಿಲ್ಲ ಕಣವ್ವ."

ಲಾರಿ ಕಡಿಮೆ ಇರುವ ಭಾನುವಾರ ಕೆಲಸಕ್ಕೆ ಕೂತೆವು. ಕೂತವಳು ಅವಳು, ಕಾವಲು ನಾನು. ಮೊದಲು ಇಡೀ ಡಿಸ್ಕಿನ ನಕಲನ್ನು ಹೊರಗಿನ ಇನ್ನೊಂದು ಹಾರ್ಡ್ ಡಿಸ್ಕಿಗೆ ತೆಗೆದಳು. ತೆಗೆದು ಸುಮ್ಮನಾಗಲಿಲ್ಲ, ಆ ನಕಲು ಸರಿಯಾಗಿ ತೆರೆಯುತ್ತದೆಯೇ ಎಂದೂ ನೋಡಿದಳು. ಡಿಸ್ಕಿನಲ್ಲಿ ಕೆಟ್ಟ ಜಾಗ ಇದೆಯೇ ಎಂದು ಪರೀಕ್ಷೆ ಮಾಡಿದಳು. ಕರೆಂಟನ್ನು ನಂಬುವ ಹಾಗಿಲ್ಲ ಎಂದು ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದಳು. ಆಮೇಲೆ ವಿಂಡೋಸಿನ ಒಳಗೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಳು. ಮನೆಯಲ್ಲಿ ಇರುವವರೇ ಸಾಮಾನು ಸರಿಸಿ ಜಾಗ ಬಿಟ್ಟುಕೊಡಬೇಕು, ಹೊರಗಿನವರು ನುಗ್ಗಿ ಎಳೆದಾಡಬಾರದು ಎನ್ನುವುದು ಅವಳ ಲೆಕ್ಕ.

ಪರದೆಯ ಮೇಲೆ ಡಿಸ್ಕು ಉದ್ದನೆಯ ಪಟ್ಟಿಯ ಹಾಗೆ ಕಂಡಿತು. ಪಟ್ಟಿಯ ಮೊದಲಿಗೇ ಚಿಕ್ಕದೊಂದು ತುಂಡು ಬೇರೆ ಇತ್ತು. ಯಜಮಾನರು, ಅದು ಯಾಕೆ ದಂಡಕ್ಕೆ, ಅದನ್ನೂ ಸೇರಿಸಿಕೋ ಎಂದರು. ಕಂಪ್ಯೂಟರ್ ಆನ್ ಆದಾಗ ಮೊದಲು ಕಾಲಿಡುವುದೇ ಅಲ್ಲಿ, ಅದನ್ನು ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ ಎಂದಳು ಸಹನಾ. ನನಗೆ ತಟ್ಟನೆ ನಮ್ಮ ರ‍್ಯಾಂಪ್ ಕಣ್ಣಿಗೆ ಬಂತು. ಲಾರಿ ಹತ್ತುವ ಇಳಿಜಾರು ಅದು. ಅದರ ಮೇಲೆ ತೂಕ ಬರುವುದಿಲ್ಲ, ಆದರೆ ಅದಿಲ್ಲದಿದ್ದರೆ ಲಾರಿ ಮೇಲಕ್ಕೇ ಬರುವುದಿಲ್ಲ.

ಜಾಗ ಕುಗ್ಗಿಸಲು ಹೋದರೆ ವಿಂಡೋಸ್ ಮೊದಲು ಚೂರೇ ಚೂರು ಬಿಟ್ಟುಕೊಟ್ಟಿತು. ಅಲ್ಲಾಡದ ಒಂದೆರಡು ಫೈಲುಗಳು ನಡುಮಧ್ಯದಲ್ಲಿ ಕೂತಿದ್ದವಂತೆ, ಅಂಗಳದ ನಡುವೆ ಲಾರಿ ನಿಲ್ಲಿಸಿ ಬೀಗ ಹಾಕಿಕೊಂಡು ಹೋದ ಡ್ರೈವರಿನ ಹಾಗೆ. ಆ ಫೈಲುಗಳನ್ನು ತಾತ್ಕಾಲಿಕವಾಗಿ ತೆಗೆದು, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಮತ್ತೆ ಕೇಳಿದಳು. ಈಗ ಬೇಕಾದಷ್ಟು ಜಾಗ ತೋರಿಸಿತು. ವಿಂಡೋಸಿಗೂ ಉಸಿರಾಡಲು ಇರಲಿ ಎಂದು ಅದರಲ್ಲಿ ನೂರು ಜಿಬಿ ಮಾತ್ರ ಕೇಳಿ ಒತ್ತಿದಳು.

ಒತ್ತಿದ್ದೇ ತಡ, ಪರದೆ ಅಲ್ಲಾಡದೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಕೊಬ್ಬರಿ ತುಂಬಿಕೊಂಡು ಬಸವರಾಜು ಬಂದ. ನಮ್ಮಲ್ಲಿಗೆ ಯಾವಾಗಲೂ ಬರುವ ಲಾರಿ ಡ್ರೈವರ್ ಅವನು. ಹಾರ್ನ್ ಹೊಡೆದ. ಮತ್ತೆ ಹೊಡೆದ.

ನಮ್ಮ ಯಜಮಾನರಿಗೆ ಒಂದು ರೂಢಿ ಇದೆ. ಗುಡುಗು ಸಿಡಿಲಿಗೆ ಇಂಡಿಕೇಟರ್ ಸ್ತಬ್ಧವಾದರೆ ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ, ಅದು ಸರಿಹೋಗುತ್ತದೆ. ಪ್ರಿಂಟರಿಗೂ ಅದೇ ಮದ್ದು. ಯುಪಿಎಸ್ ಇದ್ದರೂ ಬಿಡದೆ ಅದರ ಗುಂಡಿಯನ್ನೂ ಒತ್ತುತ್ತಾರೆ. ಒಳಗೆ ಬಂದವರು ಪರದೆ ನೋಡಿದರು.

"ನಿಂತೋಗೈತಲ್ಲವ್ವ ಇದು?"

"ಇಲ್ಲ ತಾತ, ಫೈಲ್‌ಗಳನ್ನ ಸರಿಸ್ತಾ ಇದೆ. ಈಗ ಆಫ್ ಮಾಡಿದ್ರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗೋಗುತ್ತೆ."

"ಸರಿಸ್ತಾ ಇದ್ರೆ ಕಾಣ್ಬೇಕಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡಾನ ತಡಿ" ಎನ್ನುತ್ತಾ ಅವರು ಯುಪಿಎಸ್ ಕಡೆಗೆ ಬಗ್ಗಿದರು.

ನಾನು ಆಗ ಕಂಪ್ಯೂಟರ್ ಡಬ್ಬಿಯನ್ನೇ ನೋಡುತ್ತಿದ್ದೆ. ಅದರ ಮುಂದುಗಡೆ ಸಣ್ಣದೊಂದು ಕೆಂಪು ದೀಪ ಉಂಟು. ಅದು ಮಿಣಮಿಣ ಎನ್ನುತ್ತಲೇ ಇತ್ತು, ಲಾರಿ ಹತ್ತಿದಾಗ ಅಂಕಿ ಕುಣಿಯುತ್ತದಲ್ಲ, ಹಾಗೆ. ಅವರ ಬೆರಳು ಗುಂಡಿಗೆ ತಾಕುವ ಮೊದಲೇ ನನ್ನ ಅಂಗೈಯನ್ನು ಅಡ್ಡ ಇಟ್ಟೆ.

"ಆ ದೀಪ ನೋಡ್ರೀ. ತೂಕ ಇನ್ನೂ ಕುಣೀತಾ ಐತೆ. ನಿಲ್ಲೋಗಂಟ ಯಾರೂ ಮುಟ್ಟಂಗಿಲ್ಲ."

ಯಜಮಾನರು ದೀಪ ನೋಡಿದರು, ನನ್ನ ಮುಖ ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡರು. ಕಿಟಕಿಯಲ್ಲಿ ಇಣುಕಿದ್ದ ಬಸವರಾಜು, "ಹೊರ್ಗಡೆ ಯಜಮಾನ್ರು ಹೇಳ್ದಂಗೆ ಲಾರಿ ಓಡಾಡ್ತವೆ, ಒಳ್ಗಡೆ ಅವ್ರೂ ಓಡಾಡಂಗಿಲ್ಲ ಬಿಡಿ" ಎಂದು ನಕ್ಕು, ಟೀ ಕುಡಿದು ಬರುವುದಾಗಿ ಹೇಳಿ ಹೋದ.

ಅವನು ಟೀ ಕುಡಿದು, ಎಲೆಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ದೀಪ ತಣ್ಣಗಾಗಿತ್ತು. ಪಟ್ಟಿಯ ಕೊನೆಯಲ್ಲಿ ಖಾಲಿ ಜಾಗ ಕಪ್ಪಗೆ, ಅಚ್ಚುಕಟ್ಟಾಗಿ ಕೂತಿತ್ತು. ಸಹನಾ ಮುಂದಕ್ಕೆ ಹೋಗಲಿಲ್ಲ. ಕಂಪ್ಯೂಟರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದಳು. ವಿಂಡೋಸ್ ಎದ್ದಿತು, ಹಳೇ ಪ್ರೋಗ್ರಾಂ ತೆರೆಯಿತು. "ತಾತ, ಹೋಗಿ ಬ್ರಿಡ್ಜ್ ಮೇಲೆ ನಿಂತ್ಕೊಳಿ" ಎಂದಳು. ಯಜಮಾನರ ತೂಕ ಎಪ್ಪತ್ತು ಕಿಲೋ ಎಂದು ಪರದೆಯ ಮೇಲೆ ಬಂತು. ಆಮೇಲೆ ಬಸವರಾಜುವಿನ ಲಾರಿ ಹತ್ತಿತು, ಇಂಗ್ಲಿಷ್ ಚೀಟಿ ಎಂದಿನಂತೆ ಬಂತು. ಲಾರಿ ವಾಪಸ್ ಹೋಗಲಿಲ್ಲ. ಆಗ ನನಗೆ ಮೈಯಲ್ಲಿ ಜೀವ ಬಂತು.

ಲಿನಕ್ಸ್ ಹಾಕುವಾಗ, ಇಡೀ ಡಿಸ್ಕನ್ನು ಅಳಿಸಿ ಹಾಕಲೇ ಎಂದು ಅದು ಮೊದಲೇ ಕೇಳುತ್ತದಂತೆ. ಅವಸರದಲ್ಲಿ ಹೂಂ ಎಂದವರು ಎಲ್ಲ ಕಳೆದುಕೊಳ್ಳುತ್ತಾರೆ. ಸಹನಾ ಬೇಡ ಎಂದು ಹೇಳಿ, ಆ ಖಾಲಿ ಜಾಗವನ್ನು ಮಾತ್ರ ಕೈಯಾರೆ ತೋರಿಸಿಕೊಟ್ಟಳು. ಈಗ ಕಂಪ್ಯೂಟರ್ ಆನ್ ಮಾಡಿದರೆ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತದೆ. ಹೊಸ ಕಡೆಯಲ್ಲಿ ಅವಳು ಬಿಡುವಾದಾಗಲೆಲ್ಲ ಕೂತು ಕನ್ನಡ ಚೀಟಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹಳೇ ಕಡೆಯಲ್ಲಿ ನನ್ನ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ನಿನ್ನೆ ಮೊದಲ ಬಾರಿಗೆ ನಾನೇ ಹೊಸದನ್ನು ಆರಿಸಿ ಒತ್ತಿದೆ. ಬಂದ ಚೀಟಿಯನ್ನು ಬೆರಳಿಡದೆ ಓದಿದೆ.

ಈ ಕೆಲಸ ನನಗೆ ಕಲಿಸಿರುವುದು ಇಷ್ಟೇ. ಕುಣಿಯುವ ಅಂಕಿಯನ್ನು ನಂಬಬೇಡ, ಅದು ನಿಲ್ಲುವ ಮೊದಲು ಕೈಯನ್ನೂ ಹಾಕಬೇಡ. ನನ್ನ ತಕ್ಕಡಿಗೂ ಮೊಮ್ಮಗಳ ಡಿಸ್ಕಿಗೂ ಒಂದೇ ಮಾತು.

ನಿನ್ನೆ ಸಂಜೆಗೇ ಸೊಸೆ ಹೋಳಿಗೆ ಮಾಡಿದಳು. ಹಳೇಬೀಡಿನಿಂದ ಮಗಳು ಸುದ್ದಿ ಕೇಳಿ ಬಸ್ಸು ಹತ್ತಿ ಬಂದಳು. ಮಗ ವೇಬ್ರಿಡ್ಜಿಗೆ ಬೀಗ ಹಾಕಿಕೊಂಡು ಬಂದ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಯಜಮಾನರು ಜೇಬಿನಿಂದ ಒಂದು ಕನ್ನಡ ಚೀಟಿ ತೆಗೆದು ಮಗಳಿಗೆ ಓದಿ ಹೇಳಿದರು. ಅದು ಅವರದೇ ತೂಕದ ಚೀಟಿ. ನನಗೆ ಹೇಳದೆ, ಮಗನ ಕೈಲಿ ಕೀಲಿ ಒತ್ತಿಸಿ, ಇನ್ನೊಂದು ಸಲ ಬ್ರಿಡ್ಜ್ ಹತ್ತಿ ಬಂದಿದ್ದರು. ನಾನು ಸಹನಾಗೆ ಮತ್ತೊಂದು ಹೋಳಿಗೆ ಬಡಿಸಲು ಹೋದೆ. ಅವಳು ತಟ್ಟೆಯ ಮೇಲೆ ಅಂಗೈಯನ್ನು ಅಡ್ಡ ಹಿಡಿದು, "ಓವರ್‌ಲೋಡ್ ಅಜ್ಜಿ" ಎಂದಳು.

"ಅವಳ ಮಾತು ಕೇಳ್ಬೇಡ, ಹಾಕು" ಎಂದರು ಯಜಮಾನರು. "ಜಾಗ ಮಾಡ್ಕಳಾದು ಅವಳಿಗೆ ಗೊತ್ತೈತೆ."

ಅವಳು ನಕ್ಕು ಕೈ ತೆಗೆದಳು. ನಾನು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟೆ.