ತ್ರಿಶಲಾ ಮೇಡಂ ಅವರ ಸಿತಾರ್ ಮತ್ತು ಕುಡಚಿಯ ಸ್ವರ

ಚಿಕ್ಕೋಡಿ ಸೀಮೆಯಲ್ಲಿ ಭೌತಶಾಸ್ತ್ರ ಓದಿದವರು ಎಲ್ಲಿಯೇ ಇರಲಿ, ತಮ್ಮ ಗುರುಗಳು ಯಾರೆಂದು ಕೇಳಿದರೆ ಬಹುಪಾಲು ಜನರ ಬಾಯಿಂದ ಬರುವ ಹೆಸರು ಪ್ರೊ. ತ್ರಿಶಲಾ ಮಗದುಮ್ ಅವರದು. ಮೂರೂವರೆ ದಶಕ ಒಂದೇ ಕಾಲೇಜಿನಲ್ಲಿ, ಒಂದೇ ಪ್ರಯೋಗಶಾಲೆಯಲ್ಲಿ ನಿಂತು, ಕಬ್ಬು ತಂಬಾಕು ಬೆಳೆಯುವ ಮನೆಗಳ ಮಕ್ಕಳಿಗೆ ಅವರು ಕಲಿಸಿದ್ದು ಸೂತ್ರಗಳನ್ನಲ್ಲ, ಸಂಶಯಪಡುವ ಧೈರ್ಯವನ್ನು. “ನಾ ಹೇಳೀನಿ ಅಂತ ಒಪ್ಪಬ್ಯಾಡ್ರಿ, ಅಳದ ನೋಡ್ರಿ” ಎಂಬ ಅವರ ಮಾತನ್ನು ಕೇಳದೆ ನಮ್ಮ ವಿಭಾಗದಿಂದ ಹೊರಬಿದ್ದವರು ಯಾರೂ ಇಲ್ಲ.

ಅವರ ವಿದ್ಯಾರ್ಥಿನಿಯಾಗಿ ಮೂರು ವರ್ಷ, ಸಹೋದ್ಯೋಗಿಯಾಗಿ ಆರು ವರ್ಷ ಅವರನ್ನು ಹತ್ತಿರದಿಂದ ಕಂಡ ನನಗೆ ಈ ಅಭಿನಂದನ ಸಂಚಿಕೆಯ ಸಂಪಾದಕರು ಲೇಖನ ಕೇಳಿದಾಗ, ಅವರ ಪಾಠದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ನಾನು ಅವರ ಸಿತಾರಿನ ಬಗ್ಗೆ ಬರೆಯುತ್ತೇನೆ ಎಂದೆ. ಮೇಡಂ ಅವರ ಅಪ್ಪಣೆಯನ್ನೂ ಪಡೆದೆ. “ಬರಿ ಉಜ್ವಲಾ. ಆದರ ಆಗಿದ್ದಷ್ಟ ಬರಿ. ಹೆಚ್ಚ ಮಾಡಬ್ಯಾಡ” ಎಂದರು. ಆ ಎಚ್ಚರಿಕೆಯಿಂದಲೇ ಬರೆಯುತ್ತಿದ್ದೇನೆ.

ಬೇಡಕಿಹಾಳದ ರೈತ ಕುಟುಂಬದಲ್ಲಿ ಹುಟ್ಟಿದ ಮೇಡಂ ಅವರಿಗೆ ಎಳವೆಯಲ್ಲಿ ಸಿತಾರ್ ಕಲಿಸಿದವರು ಅವರ ಸೋದರಮಾವ. ಹೈಸ್ಕೂಲು ಮುಗಿಯುವ ಹೊತ್ತಿಗೆ ಮನೆಗೆ ಬಂದವರೆದುರು ಕೂತು ಬಾರಿಸುವಷ್ಟು ಕೈ ಪಳಗಿತ್ತಂತೆ. ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೋದಾಗ ವಾದ್ಯ ಮನೆಯಲ್ಲೇ ಉಳಿಯಿತು. ಚಿಕ್ಕೋಡಿಗೆ ಸೊಸೆಯಾಗಿ ಬಂದಾಗ ಅದು ಯಾರ ಪಾಲಿಗೋ ಹೋಗಿತ್ತು. ಆಮೇಲೆ ನೌಕರಿ, ಇಬ್ಬರು ಮಕ್ಕಳು, ಅತ್ತೆ ಮಾವಂದಿರ ಆರೈಕೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಜೈನರ ಮನೆ ಅವರದು. ದೀರ್ಘ ಸಂಜೆಗಳು ಸಿಗುತ್ತಿದ್ದುದೇನೋ ನಿಜ, ಆದರೆ ಅವೆಲ್ಲ ನಮ್ಮ ಪ್ರಯೋಗದ ವಹಿಗಳನ್ನು ತಿದ್ದುವುದರಲ್ಲಿ, ಮಕ್ಕಳ ಅಭ್ಯಾಸದಲ್ಲಿ ಕರಗಿಹೋಗುತ್ತಿದ್ದವು. ಮೂವತ್ತು ವರ್ಷ ಅವರು ಒಂದು ತಂತಿಯನ್ನೂ ಮುಟ್ಟಲಿಲ್ಲ.

ಐವತ್ತು ತುಂಬಿದ ವರ್ಷ ಪಗಾರದ ಬಾಕಿ ಹಣ ಬಂದಾಗ, ಮನೆಯವರೆಲ್ಲ ಹೊಲಕ್ಕೆ ಹೊಸ ಪೈಪಿನ ಮಾತಾಡುತ್ತಿರುವಾಗ, ಮೇಡಂ ಬಸ್ಸು ಹತ್ತಿ ಮಿರಜಿಗೆ ಹೋದರು. ಹೊಸ ಸಿತಾರ್ ಅವರ ಕೈಗೆ ನಿಲುಕಲಿಲ್ಲ. ಅಂಗಡಿಯವರು ಸೋರೆಬುರುಡೆಯ ಬಿರುಕು ಮುಚ್ಚಿ ರಿಪೇರಿ ಮಾಡಿದ ಹಳೆಯದೊಂದನ್ನು ತೋರಿಸಿದರು. ಕುಡಚಿಯ ರೈಲ್ವೆ ನೌಕರರೊಬ್ಬರದು, ಅವರು ತೀರಿಹೋದ ಮೇಲೆ ಮಗ ತಂದು ಕೊಟ್ಟದ್ದು ಎಂದರು. ಮೇಡಂ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು.

ಮರಳಿ ಕಲಿಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಬೆರಳಿನ ತುದಿ ಒಡೆದು, ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು. ಹೆಗಲು ಹಿಡಿದುಕೊಂಡು ಕೈ ಮೇಲೇಳುತ್ತಿರಲಿಲ್ಲ. ರವಿವಾರ ಮಧ್ಯಾಹ್ನ, ಊಟವಾಗಿ ಮನೆಯೆಲ್ಲ ಅಡ್ಡಾದ ಹೊತ್ತು ಮಾತ್ರ ಅವರದಾಗಿತ್ತು.

ಹಾಗೆ ಕೆಲವು ವಾರ ಕಳೆದ ಮೇಲೆ, ಒಂದು ರವಿವಾರ ಅವರಿನ್ನೂ ಅಡುಗೆಮನೆಯಲ್ಲಿರುವಾಗ ಒಳಗೆ ಸಿತಾರ್ ತಾನಾಗಿ ನುಡಿಯಿತು.

ಓದುಗರಿಗೆ ಒಂದು ವಿವರಣೆ ಬೇಕು. ಸಿತಾರಿನಲ್ಲಿ ಬೆರಳಿನಿಂದ ಮೀಟುವ ತಂತಿಗಳ ಕೆಳಗೆ ತರಬ್ ಎಂಬ ತೆಳು ತಂತಿಗಳ ಸಾಲಿರುತ್ತದೆ. ಅವನ್ನು ಯಾರೂ ಮೀಟಬೇಕಿಲ್ಲ. ಅವುಗಳ ಶ್ರುತಿಗೆ ಸರಿಹೊಂದುವ ಸ್ವರ ಹತ್ತಿರದಲ್ಲೆಲ್ಲಾದರೂ ಹೊರಟರೆ ತಾವಾಗಿ ಮಿಡಿಯುತ್ತವೆ. ಇದು ಅನುರಣನ, ನಾವು ಪ್ರತಿವರ್ಷ ಕಲಿಸುವ ಪಾಠ. ಆದ್ದರಿಂದ ಮೇಡಂ ಹೆದರಲಿಲ್ಲ. ಸ್ವರದ ಮೂಲ ಹುಡುಕಿದರು. ಮುಂದಿನ ರವಿವಾರ ಅದೇ ಹೊತ್ತಿಗೆ ಮತ್ತೆ ಅದೇ ಒಂದು ಸ್ವರ. ಓಣಿಯ ಹಿಟ್ಟಿನ ಗಿರಣಿ ಅಂದು ಬಂದ್ ಆಗಿತ್ತು. ಮೇಡಂ ಅವರ ಪತಿ ಸಮ್ಮೇದ ಅವರು ಮನೆಯ ಕರೆಂಟಿನ ಮುಖ್ಯ ಸ್ವಿಚ್ಚನ್ನೇ ಆರಿಸಿ ಬಾಗಿಲಲ್ಲಿ ನಿಂತರು. “ಫ್ರಿಜ್ಜೂ ಇಲ್ಲ, ಫ್ಯಾನೂ ಇಲ್ಲ. ಆದರೂ ನುಡ್ಯಾಕತ್ತೈತಲ್ಲ” ಎಂದರು. ಮೇಡಂ ಮಿಡಿಯುವ ತಂತಿಯನ್ನು ಗುರುತಿಸಿ ಅದರ ಶ್ರುತಿ ಇಳಿಸಿದರು. ಪಕ್ಕದ ತಂತಿಯನ್ನು ಆ ಹಳೆಯ ಶ್ರುತಿಗೆ ಏರಿಸಿದರು. ಮುಂದಿನ ವಾರ ಇಳಿಸಿದ ತಂತಿ ಸುಮ್ಮನಿತ್ತು, ಏರಿಸಿದ್ದು ನುಡಿಯಿತು. ಅಂದರೆ ದೋಷ ತಂತಿಯದಲ್ಲ. ಸ್ವರ ಹೊರಗಿನಿಂದ ಬರುತ್ತಿತ್ತು. ಆದರೆ ಮನೆಯಲ್ಲಿ ಯಾರ ಕಿವಿಗೂ ಅದು ಕೇಳುತ್ತಿರಲಿಲ್ಲ.

ಆಗ ನಿಪ್ಪಾಣಿ ಕಡೆಯ ಕೆಲವು ಹುಡುಗಿಯರು ಬೀಡಿ ಕಟ್ಟುವ ಕೆಲಸದಿಂದಾಗಿ ವಾರದ ಪ್ರಯೋಗಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಅವರಿಗೆಂದೇ ಮೇಡಂ ಆಗಾಗ ರವಿವಾರ ಪ್ರಯೋಗಶಾಲೆ ತೆರೆಯುತ್ತಿದ್ದರು. ಮನೆಯಿಂದ ಎಲ್ಲರಿಗೂ ಸಾಕಾಗುವಷ್ಟು ರೊಟ್ಟಿ ಪಲ್ಯ ತರುತ್ತಿದ್ದರು. ಅಂತಿಮ ವರ್ಷದಲ್ಲಿದ್ದ ನಾನು ಸಹಾಯಕ್ಕೆ ಹೋಗುತ್ತಿದ್ದೆ. ಅಂಥ ಒಂದು ದಿನ ಅವರು ಸಿತಾರನ್ನು ಅಲ್ಲಿಗೇ ತಂದು, ಮೇಜಿನ ಮೇಲೆ ಮಲಗಿಸಿ, “ಎಲ್ಲಾರೂ ಸುಮ್ಮನಿರ್ರಿ, ಉಸಿರ ಮೆಲ್ಲಕ ಬಿಡ್ರಿ” ಎಂದರು. ಕಿಟಕಿಯಾಚೆ ಬಿಸಿಲು ಬೆಳ್ಳಗೆ ನಿಂತಿತ್ತು. ಎಲೆ ಅಲುಗುತ್ತಿರಲಿಲ್ಲ. ಆಗ ಆ ತೆಳು ತಂತಿ ಮಿಡಿಯಿತು. ಮೊದಲು ಸೊಳ್ಳೆಯ ಸದ್ದಿನಷ್ಟು, ಆಮೇಲೆ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಂತೆ, ದೀರ್ಘವಾಗಿ. ಒಬ್ಬ ಹುಡುಗಿ ಅಳತೊಡಗಿದಳು.

ಸುದ್ದಿ ಊರಲ್ಲಿ ಹಬ್ಬಿತು. ಮೇಡಂ ಅವರ ಅತ್ತೆ ಸೋನಾಬಾಯಿಯವರು ಊಟ ಬಿಟ್ಟು ಕೂತರು. “ಸತ್ತವರ ಸಾಮಾನ ಅದ. ಕೊಟ್ಟ ಬಾ ತ್ರಿಶಲಾ, ಇಲ್ಲಾ ನಾ ಹೊಲದ ಮನಿಗಿ ಹೋಗಿ ಇರ್ತೀನಿ.” ಮೇಡಂ ಅಂದು ನನ್ನ ಹತ್ತಿರ ಹೇಳಿದ್ದು ಇಂದಿಗೂ ನೆನಪಿದೆ: “ಒಮ್ಮೆ ಬಿಟ್ಟೀನಿ. ಎರಡನೇ ಸಲ ಬಿಟ್ಟರ ಮತ್ತ ಹಿಡಿಯೂ ವಯಸ್ಸಲ್ಲ ಇದು.” ಆದರೂ ಹಿರಿಯರ ಮಾತು ಮೀರುವವರಲ್ಲ ಅವರು. ಮೊದಲು ವಾದ್ಯ ಇದ್ದ ಮನೆಯನ್ನು ನೋಡಿ ಬರುತ್ತೇನೆ, ಆಮೇಲೆ ಕೊಟ್ಟುಬಿಡುತ್ತೇನೆ ಎಂದು ಅತ್ತೆಯನ್ನು ಒಪ್ಪಿಸಿದರು.

ಒಂದು ರವಿವಾರ ನಾವಿಬ್ಬರೂ ಮಿರಜಿನ ಅಂಗಡಿಯವರು ಕೊಟ್ಟ ವಿಳಾಸ ಹಿಡಿದು, ರಾಯಬಾಗದ ಮೇಲೆ ಹಾಯ್ದು ಕುಡಚಿಗೆ ಹೋದೆವು. ಸಿತಾರ್ ಚಿಕ್ಕೋಡಿಯಲ್ಲೇ ಇತ್ತು. ಅದು ನುಡಿದ ಕ್ಷಣವೇ ಫೋನ್ ಮಾಡಬೇಕೆಂದು ಮೇಡಂ ಸಮ್ಮೇದ ಅವರಿಗೆ ಹೇಳಿದ್ದರು. ರೈಲು ಹಳಿಯಾಚೆಯ ಸಣ್ಣ ಮನೆ. ತೀರಿಹೋದವರ ಹೆಸರು ಬೀರದೇವ. ಮಿರಜಿನಲ್ಲಿ ನೌಕರಿಯಲ್ಲಿದ್ದಾಗ ಸಿತಾರ್ ಕಲಿತವರು. ಅವರ ಪತ್ನಿ ಅಕ್ಕುತಾಯಿ, ಬಿಳಿಯ ಸೀರೆಯ ಸಣಕಲು ಹೆಂಗಸು, ಸೊಸೆ ಸಪನಾ ಜೊತೆ ಇದ್ದರು. ನಾವು ಯಾರೆಂದು ಸಪನಾ ಹೇಳಿದಾಗ ಅಕ್ಕುತಾಯಿ ತಲೆಯಾಡಿಸಿದರು. “ಕುಂಡ್ರ್ರಿ. ನಂದೊಂದ ಕೆಲಸ ಐತಿ, ಮುಗಿಸಿ ಮಾತಾಡ್ತೀನಿ” ಎಂದು ಒಳಕೋಣೆಯ ಚಾಪೆಯ ಮೇಲೆ, ಬರಿಗೋಡೆಗೆ ಮುಖ ಮಾಡಿ ಕೂತರು. ಗೋಡೆಯಲ್ಲಿ ಒಂದು ಮೊಳೆ ಮಾತ್ರ ಇತ್ತು. ಕಣ್ಣು ಮುಚ್ಚಿ ಅವರು ಒಂದೇ ಒಂದು ಸ್ವರ ಹಿಡಿದರು.

ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು. ಅದೇ ಸ್ವರ. ಅಷ್ಟರಲ್ಲಿ ಅವರ ಫೋನು ನಡುಗಿತು. “ನುಡೀತ ನೋಡ. ಈಗ ನುಡ್ಯಾಕತ್ತೈತಿ” ಎಂಬ ಸಮ್ಮೇದ ಅವರ ಧ್ವನಿ ನನಗೂ ಕೇಳಿಸಿತು. ಚಿಕ್ಕೋಡಿಗೂ ಕುಡಚಿಗೂ ನಡುವೆ ನಲವತ್ತು ಕಿಲೋಮೀಟರು ಕಬ್ಬಿನ ಹೊಲಗಳಿವೆ.

ಅಕ್ಕುತಾಯಿ ಉಸಿರು ಬಿಟ್ಟು, ಹಿಂತಿರುಗಿ ನೋಡದೆಯೇ ಕೇಳಿದರು: “ಸ್ವರ ಹತ್ತಿತೇನ್ರಿ?”

ಮೇಡಂ ಹೋಗಿ ಅವರ ಪಕ್ಕ ಚಾಪೆಯ ಮೇಲೆ ಕೂತರು.

“ತಂಬೂರಿ ತಗೋಳೂ ತಾಕತ್ತ ನಮಗಿರಲಿಲ್ಲ” ಎಂದರು ಅಕ್ಕುತಾಯಿ. “ಐತವಾರ ಸೂಟಿ ಸಿಕ್ಕಾಗ ಅವರು ಬಾರಸಾವ್ರು, ನಾ ಕುಂತ ಸ್ವರ ಹಿಡ್ಯಾಕಿ. ಅವರು ಹ್ವಾದ್ರು, ಸಿತಾರೂ ಹೋತು. ನನಗ ರೂಢಿ ಹೋಗಲಿಲ್ಲ. ಒಂದೀಟ ದಿನದಿಂದ ಎಲ್ಲೋ ಒಂದ ಕಡೆ ಹತ್ತಾಕತ್ತೈತಿ ಅಂತ ಅನಸ್ತಿತ್ತು.” ಸಿತಾರನ್ನು ಮರಳಿ ತಂದುಕೊಡುತ್ತೇನೆ ಎಂದು ಮೇಡಂ ಅಂದಾಗ ಅವರು ಬಿರುಸಾಗಿ ಕೈಯಾಡಿಸಿದರು. “ಬಾರಸಾವ್ರು ಇಲ್ಲದ ಮನ್ಯಾಗ ಅದು ಒಡೀತೈತಿ, ಒಮ್ಮೆ ಒಡದೈತಿ. ನೀವ ಇಟ್ಕೋರಿ. ನಾ ಸ್ವರ ಕೊಡ್ತೀನಿ, ನೀವು ಬಾರಸ್ರಿ.”

ಮರಳುವಾಗ ಬಸ್ಸು ರಾಯಬಾಗ ದಾಟಿತು. ಮೇಡಂ ಕಿಟಕಿಯ ಕಡೆ ಮುಖ ಮಾಡಿಯೇ, “ಇದು ನನಗ ತಿಳೀಲಿಲ್ಲ ಉಜ್ವಲಾ” ಎಂದರು. ತಮಗೆ ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳುವ ಅಧ್ಯಾಪಕರನ್ನು ನಾನು ಕಂಡದ್ದು ಅದೇ ಮೊದಲು. ಎಂ.ಎಸ್ಸಿ. ಓದಬೇಕೆಂದು ನಾನು ನಿರ್ಧರಿಸಿದ್ದು ಆ ಬಸ್ಸಿನಲ್ಲಿ.

ಸೋನಾಬಾಯಿಯವರು ಸಂಗತಿಯನ್ನೆಲ್ಲ ಕೂತು ಕೇಳಿದರಂತೆ. ಮುಂದಿನ ರವಿವಾರ ತಂತಿ ಮಿಡಿದಾಗ, ಪಾತ್ರೆಗಳ ಮುಂದೆ ಕೂತಿದ್ದ ಸೊಸೆಯನ್ನು ಅವರೇ ಎಬ್ಬಿಸಿದರು. “ಏಳ. ಅಕ್ಕುತಾಯಿ ಕರ್ಯಾಕತ್ತಾಳ. ಭಾಂಡೆ ನಾ ತೊಳೀತೀನಿ.” ಮೂವತ್ತು ವರ್ಷ ಸಿಗದ ಬಿಡುವು ಮೇಡಂ ಅವರಿಗೆ ಸಿಕ್ಕಿದ್ದು ಹೀಗೆ. ವರ್ಷಗಳು ಉರುಳಿದಂತೆ ಅವರ ಬೆರಳು ಗಟ್ಟಿಯಾಯಿತು, ಕೈ ಹರಿಯತೊಡಗಿತು. ಅವರ ವಾದನವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಸಂಗೀತ ತಿಳಿಯದ ನನಗೂ, ಕೋಣೆಯಲ್ಲಿ ಇನ್ನೊಬ್ಬರು ಕೂತಿದ್ದಾರೆ ಎನಿಸಿ ಹಿಂದೆ ನೋಡುವಂತಾಗುತ್ತಿತ್ತು.

ಮೂರು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಒಂದು ರವಿವಾರ ತಂತಿ ಮಿಡಿಯಲಿಲ್ಲ. ಮೇಡಂ ಫೋನ್ ಮಾಡಲಿಲ್ಲ. ಸೀರೆ ಬದಲಿಸಿ ಕುಡಚಿಯ ಬಸ್ಸು ಹತ್ತಿದರು. ಅವರು ತಲುಪಿದಾಗ ಅಂಗಳದಲ್ಲಿ ಜನ ಸೇರಿದ್ದರು.

ಅಲ್ಲಿಂದೀಚೆಗೆ ಸಿತಾರ್ ತಾನಾಗಿ ನುಡಿದಿಲ್ಲ. ಕರೆಯುವವರಿಲ್ಲದಿದ್ದರೂ ಮೇಡಂ ಅದೇ ಹೊತ್ತಿಗೆ ಕೂತು ಬಾರಿಸುತ್ತ ಬಂದರು. ತಪ್ಪಿದ್ದು ಒಮ್ಮೆ ಮಾತ್ರ. ಈ ವರ್ಷದ ಆರಂಭದಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಳಗಾವಿಯಲ್ಲಿ ರವಿವಾರವೂ ಉಳಿಯಬೇಕಾಯಿತು. ಮರುದಿನ ಅವರು ಬಂದು ಪ್ರಯೋಗಶಾಲೆಯ ಬೀಗ ತೆಗೆಯುತ್ತಿದ್ದಾಗ ಫೋನು ಬಂತು. ಕೈಯಲ್ಲಿ ಬೀಗವಿದ್ದುದರಿಂದ ಸ್ಪೀಕರಿಗೆ ಹಾಕಿದರು. ಕುಡಚಿಯ ಸಪನಾ.

“ನಿನ್ನೆ ಯಾಕ ಬಾರಿಸಲಿಲ್ರಿ ಮೇಡಂ? ಆರಾಮ ಅದೀರಿಲ್ಲೊ?”

ಮೇಡಂ ಬೀಗ ಹಿಡಿದಂತೆಯೇ ನಿಂತರು. “ನಾ ಬಾರಿಸಿಲ್ಲ ಅನ್ನೂದು ನಿಮಗ ಹೆಂಗ ಗೊತ್ತಾತ್ರಿ?”

“ಅತ್ತೆಯವರ ಖೋಲ್ಯಾಗ ಕೇಳತೈತಲ್ರಿ, ದರ ಐತವಾರ. ಅವರು ಹ್ವಾದಾಗಿಂದ. ನೀವ ಅಂತ ನಮಗ ಗೊತ್ತಿತ್ರಿ, ಅದಕ್ಕ ಅಂಜಿಲ್ಲ. ನಿನ್ನೆ ಚಾಪಿ ಹಾಸಿ ಎಲ್ಲಾರೂ ಕುಂತಿದ್ವಿ. ಏನೂ ಬರಲಿಲ್ಲ.”

ನಾನು ಭೌತಶಾಸ್ತ್ರ ಕಲಿಸುವವಳು, ಆಗಿದ್ದನ್ನಷ್ಟೇ ಬರೆದಿದ್ದೇನೆ. ಈ ತಿಂಗಳ ಕೊನೆಗೆ ಪ್ರೊ. ತ್ರಿಶಲಾ ಮಗದುಮ್ ಅವರು ಸೇವೆಯಿಂದ ನಿವೃತ್ತರಾಗುತ್ತಾರೆ. ಇನ್ನು ಮೌಲ್ಯಮಾಪನದ ಆದೇಶವಾಗಲಿ, ಪರೀಕ್ಷೆಯ ಮೇಲ್ವಿಚಾರಣೆಯಾಗಲಿ ಅವರ ಹೊತ್ತನ್ನು ಕೇಳುವುದಿಲ್ಲ. ಅವರಿಗೆ ದೀರ್ಘಾಯುಸ್ಸನ್ನೂ ನೋವಿಲ್ಲದ ಹೆಗಲನ್ನೂ ಹರಿಯುವ ಬೆರಳನ್ನೂ ಆ ಜಿನೇಶ್ವರನು ಕರುಣಿಸಲಿ. ಕುಡಚಿಯ ಆ ಮನೆಯಲ್ಲಿ ಚಾಪೆ ಹಾಸಿ ಕೂತವರು, ಕಣ್ಣಿಗೆ ಕಾಣುವವರೂ ಕಾಣದವರೂ, ಇನ್ನೆಂದೂ ಕಾಯುವಂತಾಗದಿರಲಿ.