ಅಡುಗೆಯಾಕೆಯ ಗಂಡನ ಹೆಸರು

ಕಾಕುವಿನ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಒಂದು ಗುಂಡುಸೂಜಿ ಇರುತ್ತಿತ್ತು. ಅದನ್ನು ಕಚ್ಚಿಕೊಂಡೇ ಮಾತಾಡುವಳು, ನಗುವಳು, ಬೈಯುವಳು. ನುಂಗೀಯೆ ಎಂದು ನಾನು ಹೆದರಿದರೆ, "ಬಾಯಾಗ ಸೂಜಿ ಇದ್ರ ಮಾತು ಹದದಾಗ ಇರ್ತದವ್ವಾ" ಎನ್ನುವಳು.

ಬಸವಕಲ್ಯಾಣದ ನಮ್ಮ ಓಣಿಯವರಿಗೆಲ್ಲ ಅವಳು ಕಾಕು, ಚಿಕ್ಕಮ್ಮ; ಹೆಂಗಸರ ಜಂಪರುಗಳೆಲ್ಲ ಅವಳ ಹೊಲಿಗೆಯೇ. ಕಪ್ಪು ಬಣ್ಣ, ಗಟ್ಟಿ ಮೈ, ಗಟ್ಟಿ ದನಿ. ಗಂಡ ಹುಮನಾಬಾದಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಇದು ಓಣಿಗೆಲ್ಲ ಗೊತ್ತು. ಅವಳ ಬಾಯಿಂದ ಮಾತ್ರ ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ, ಕುಬಸಗಳಲ್ಲಿ ಒಡಪು ಕಟ್ಟಿ, ಪ್ರಾಸದೊಳಗೆ ಸೇರಿಸಿ ಹೇಳಬೇಕು. ನಾನು ಬಸುರಿಯಾಗಿದ್ದಾಗ, ನನ್ನ ಕುಬಸದ ದಿನ ಒಡಪಿನ ಸರದಿ ತನ್ನ ಹತ್ತಿರ ಬರುತ್ತಲೇ ಕಾಕು, "ಒಲಿ ಮ್ಯಾಲ ಹಾಲಿಟ್ಟು ಬಂದೀನಿ" ಎಂದು ಎದ್ದುಹೋದಳು. ಅವಳು ಕುಡಿಯುತ್ತಿದ್ದದ್ದು ಕರಿ ಚಹಾ. ಮನೆಯಲ್ಲಿ ಹಾಲೇ ಇರುತ್ತಿರಲಿಲ್ಲ. ನನಗೆ ಅಳು ಬಂತು.

ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ನಾವು ನಾಲ್ಕೈದು ಹೆಂಗಸರು ಸೇರಿ ಮೊಬೈಲಿನಲ್ಲಿ ಚೀನಾದ ಒಂದು ಧಾರಾವಾಹಿ ನೋಡುತ್ತಿದ್ದೆವು, ಹಿಂದಿ ಮಾತು ಹಾಕಿದ್ದು. ಗಂಡ ಮೋಸ ಮಾಡುತ್ತಾನೆ, ಹೆಂಡತಿಗೆ ಗೊತ್ತಾಗುತ್ತದೆ. ಹೆಂಡತಿ ವಕೀಲೆ, ಹಾಲಿನಂಥ ಬಣ್ಣ. ಅವಳ ಮನೆಯಲ್ಲಿ ಹಳ್ಳಿಯಿಂದ ಬಂದ ಕಪ್ಪನೆಯ ಅಡುಗೆಯಾಕೆ. ಒಂದು ಕಂತಿನಲ್ಲಿ ಅವಳು ಪಾತ್ರೆ ಒರೆಸುತ್ತ, ತನ್ನ ಗಂಡನೂ ಹೀಗೇ ಬಿಟ್ಟುಹೋದ ಎಂದಳು. ಅಷ್ಟರಲ್ಲಿ ಒಡತಿಗೆ ಫೋನು ಬಂತು. ಆಮೇಲೆ ಕೊನೆಯ ಕಂತಿನವರೆಗೂ ಚಹಾ ತಂದಿಟ್ಟು ಹೋಗುವುದೇ ಅವಳ ಕೆಲಸ.

ಧಾರಾವಾಹಿ ಮುಗಿದ ದಿನ ಕಾಕು ಮಷೀನು ನಿಲ್ಲಿಸಿ, "ಅಡಿಗಿಯಾಕಿದು ಏನಾತು?" ಎಂದಳು.

"ಆಕಿ ಕತಿ ಯಾರು ನೋಡ್ತಾರ, ಕಾಕು?" ಎಂದಳು ಎದುರುಮನೆಯ ಅಕ್ಕ.

"ಯಾಕ? ಕರ್ರಗಿರೋರ ಗಂಡಂದಿರು ಓಡಿಹೋಗಂಗಿಲ್ಲೇನು? ಅಳಾಕೂ ಬಣ್ಣ ಬೇಕೇನು?"

ನಾವು ನಕ್ಕೆವು. ಅವಳು ನಗಲಿಲ್ಲ. ಬಾಯಿಂದ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ಹಂಗಾದ್ರ ನಾ ಹೇಳ್ತೀನಿ, ಕೇಳ್ರಿ."

ಅವಳ ಕತೆಯ ಚೀನಾದ ಹಳ್ಳಿಯಲ್ಲಿ ಜೋಳದ ಹೊಲ ಬಂತು, ಅತ್ತೆ ಬಂದಳು, ಹೊಲಿಗೆ ಮಷೀನೂ ಬಂತು. "ಆಕಿ ಗಂಡ..." ಎಂದು ಒಂದು ಹೆಸರು ಹೇಳಿದಳು. ಒಡಪಿಲ್ಲ, ಪ್ರಾಸವಿಲ್ಲ. ಚೀನಾದವನಿಗೆ ನಮ್ಮ ಕಡೆಯ ಹೆಸರೇ ಎಂದು ನಾನು ನಗುವುದರಲ್ಲಿದ್ದೆ. ಎದುರುಮನೆಯ ಅಕ್ಕ ನನ್ನ ಕೈ ಒತ್ತಿ ಹಿಡಿದಳು. ಅದು ಹುಮನಾಬಾದಿನವನ ಹೆಸರು.

"ಭಾಳ ದಿನಕ್ಕ ಅಂವ ತಿರುಗಿ ಬಂದ," ಎಂದು ಕಾಕು ಕತೆ ಮುಗಿಸಿದಳು. "ಆಕಿ ಕಟ್ಟಿ ಮ್ಯಾಲ ಕುಂಡ್ರಿಸಿ ಚಾ ಕೊಟ್ಲು. ಒಳಗ ಕರೀಲಿಲ್ಲ."

ಈಗ ನಾನು ಯಾವ ಕತೆ ನೋಡಿದರೂ, ಚಹಾ ಇಟ್ಟುಹೋದವಳು ಎಲ್ಲಿ ಹೋದಳೆಂದು ಹುಡುಕುತ್ತೇನೆ. ಈ ಚಟ ಹಚ್ಚಿದವಳು ಕಾಕು.

ಹೋದ ವರ್ಷ ಅವಳು ತೀರಿಕೊಂಡಳು. ಅಲ್ಲಿಯವರೆಗೂ ಗಂಡ ಈ ಕಡೆ ತಲೆ ಹಾಕಿರಲಿಲ್ಲ. ಮಣ್ಣು ಮಾಡಿ ಎಲ್ಲರೂ ಬಂದ ಮೇಲೆ, ಹುಮನಾಬಾದಿನ ಬಸ್ಸಿಳಿದು ಒಬ್ಬ ಮುದುಕ ಓಣಿಗೆ ಬಂದ. ಕಾಕುವಿನ ಬಾಗಿಲಲ್ಲಿ ನಿಂತು ತನ್ನ ಹೆಸರು ಹೇಳಿದ.

ಎದುರುಮನೆಯ ಅಕ್ಕ ಕಟ್ಟೆ ತೋರಿಸಿದಳು. ನಾನು ಚಹಾ ತಂದುಕೊಟ್ಟೆ. ಒಳಗೆ ಯಾರೂ ಕರೆಯಲಿಲ್ಲ.