ಮುಂದಿನ ತಾರೀಖು

ಮರಾಠಿ ಸೀಮೆಯ ಶಿವಾಜಿನಗರದ ಕೋರ್ಟಿನ ಮೆಟ್ಟಿಲ ಕೆಳಗೆ ಕೂತು ಅರ್ಜಿ ಟೈಪ್ ಮಾಡುವ ನನಗೆ ಅನ್ನ ಹಾಕಿದ್ದು 'ಮುಂದೂಡು' ಎನ್ನುವ ಕೆಲವು ಇಂಗ್ಲಿಷ್ ಕ್ರಿಯಾಪದಗಳು: ಅಡ್ಜರ್ನ್, ಡಿಫರ್, ಪೋಸ್ಟ್‌ಪೋನ್. ಒಂದೇ ಪದ ಪದೇ ಪದೇ ಕಂಡರೆ ಜಡ್ಜ್ ಸಾಹೇಬರು ಮುಖ ಸಿಂಡರಿಸುತ್ತಾರೆಂದು ಬದಲಿಸಿ ಬದಲಿಸಿ ಹಾಕುತ್ತಿದ್ದೆ.

ವಿಜಯಪುರ ಕಡೆಯ ಹೆಂಗಸೊಬ್ಬರು ಪ್ರತಿ ತಾರೀಖಿಗೂ ನನ್ನಲ್ಲಿಗೇ ಬರುತ್ತಿದ್ದರು. ಇಲ್ಲೇ ಹತ್ತಿರದ ಚಾಕಣದ ಕಾರ್ಖಾನೆಗೆ ದುಡಿಯಲು ಹೋದ ಗಂಡ ಮರಳಿರಲಿಲ್ಲ. ಏಳು ವರ್ಷ ತುಂಬಿದ್ದೇ ತಡ, ಅಣ್ಣ ಸತ್ತನೆಂದು ಘೋಷಿಸಿ ಎಂದು ಮೈದುನ ದಾವೆ ಹೂಡಿದ್ದ. ತಾರೀಖು ಮುಂದೆ ಹೋದಷ್ಟು ದಿನ ಗಂಡ ಬದುಕಿರುತ್ತಾನೆ ಎಂಬುದು ಆಕೆಯ ನಂಬಿಕೆ. ಕೋರ್ಟಿನ ಜವಾನ, ಪಟ್ಟೇವಾಲಾ, ಪದ್ಧತಿಯಂತೆ ಕಾಣೆಯಾದವನ ಹೆಸರನ್ನು ಮೂರು ಸಲ ಕೂಗುತ್ತಿದ್ದ.

ಒಂದು ಸೋಮವಾರ, ಗದ್ದಲದಲ್ಲಿ, ಬೇರೆ ಯಾರದೋ ಹಳೆಯ ಅರ್ಜಿಯಲ್ಲೇ ಹೆಸರು ಬದಲಿಸಿ ಕೊಟ್ಟೆ. ನಾವೆಲ್ಲ ಮಾಡುವ ಕಳ್ಳಕೆಲಸ ಅದು. ಆಕೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬಿತ್ತು. 'ಇವರಿಗೆ ಜ್ವರ, ಇಂದು ಬರಲಾರರು, ಮುಂದಿನ ತಾರೀಖಿಗೆ ಹಾಜರಾಗುತ್ತಾರೆ.' ಯಾರೂ ಗಮನಿಸಲಿಲ್ಲ. ಅಡ್ಜರ್ನ್ ಆಯಿತು.

ಮರುದಿನ ಆಕೆ ಅರ್ಜಿಯ ಪ್ರತಿ ಹಿಡಿದು ಬಂದರು. ಯಾರೋ ಓದಿ ಹೇಳಿದ್ದರಂತೆ.

"ಅವರಿಗೆ ಜ್ವರ ಬಂದದ್ದು ನಿಮಗ ಹೆಂಗ ಗೊತ್ತಾತ್ರಿ, ಅಣ್ಣಾರ?"

ಸಿಟ್ಟಾಗಿದ್ದರೆ ಬಚಾವಾಗುತ್ತಿದ್ದೆ. ಆಕೆ ನಗುತ್ತಿದ್ದರು. ಜ್ವರದ ಹತ್ತು ಗುಳಿಗೆಗಳ ತುಂಬು ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. "ಅವರು ಕಂಡಾಗ ಕೊಡ್ರಿ. ಉಂಡ ಮ್ಯಾಲ ತಗೋರಿ ಅಂತ ಹೇಳ್ರಿ."

ಡ್ರಾವರಿನಲ್ಲಿಟ್ಟು ಕೀಲಿ ಹಾಕಿದೆ.

ಮುಂದಿನ ತಾರೀಖಿನ ಬೆಳಿಗ್ಗೆ ಆಕೆ ಇಸ್ತ್ರಿ ಮಾಡಿದ ಗಂಡಸರ ಅಂಗಿಯೊಂದನ್ನು ಚೀಲದಲ್ಲಿ ತಂದಿದ್ದರು. "ಈಗ ಹೆಂಗ ಅದಾರ್ರೀ?" ಎಂದು ಕೇಳಿದರು. ಅಂದು ಅರ್ಜಿ ಹಾಕದಿದ್ದರೆ ತೀರ್ಪೇ ಆಗುತ್ತಿತ್ತು. ಇನ್ನು ಸುಳ್ಳು ಸಾಕು, ಗುಳಿಗೆ ವಾಪಸು ಕೊಟ್ಟು ತಪ್ಪೊಪ್ಪಿಕೊಳ್ಳೋಣವೆಂದು ಡ್ರಾವರ್ ತೆಗೆದೆ. ಪಟ್ಟಿಯಲ್ಲಿ ಎರಡು ಗುಳಿಗೆ ಇರಲಿಲ್ಲ. ಕೀಲಿ ನನ್ನ ಜೇಬು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

"ಜ್ವರ ಇಳದದ್ರಿ," ಎಂದುಬಿಟ್ಟೆ. ಯಾಕೆ ಹಾಗಂದೆನೋ ಇಂದಿಗೂ ಗೊತ್ತಿಲ್ಲ.

ಆಕೆಯ ಮುಖ ಅರಳಿತು. "ಹಂಗಾದ್ರ ಇವತ್ತ ಅರ್ಜಿ ಬ್ಯಾಡ ಬಿಡ್ರಿ. ಅವರೇ ಬರ್ತಾರ."

ತಡೆಯಬೇಕಿತ್ತು, ತಡೆಯಲಿಲ್ಲ. ಆಕೆ ಅಂಗಿ ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಹೆಸರು ಮೂರು ಸಲ ಕೂಗಿದ್ದು ಕೇಳಿಸಿತು. ಮೂರನೆಯ ಕೂಗಿನ ನಂತರ ನನ್ನ ತಲೆಯ ಮೇಲಿನ ಮೆಟ್ಟಿಲಲ್ಲಿ ಯಾರೋ ಕೆಮ್ಮಿದರು. ಎದ್ದು ನೋಡಿದೆ, ಯಾರೂ ಇರಲಿಲ್ಲ.

ಊಟದ ಹೊತ್ತಿಗೆ ಕೋರ್ಟು ಆತ ಸತ್ತನೆಂದು ಹೇಳಿತು. ಗುಳಿಗೆಯ ಪಟ್ಟಿ ಇನ್ನೂ ಡ್ರಾವರಿನಲ್ಲಿದೆ. ಉಳಿದ ಗುಳಿಗೆಗಳನ್ನು ಎಣಿಸಲು ನನಗೆ ಭಯ.